ಮೆತ್ತನೆ ಗಂಟೆಯ ಫೋನು

ಎಲ್ಲ ತಾಪತ್ರಯಕ್ಕೂ ಮೂಲ ಟೆಲಿಫೋನ್ ಕಚೇರಿಯವರ ಔದಾರ್ಯ. ಅಷ್ಟು ವರ್ಷ ಕಾಯಿಸಿದವರು ಕೊನೆಗೆ ಯಾವುದೋ ಒಂದು ಫೋನನ್ನು ಕೈಗಿಟ್ಟು ಕಳಿಸಿದ್ದರೆ ಮುಗಿದುಹೋಗುತ್ತಿತ್ತು. ‘ನಮ್ಮಲ್ಲಿ ಬೇರೆ ಬೇರೆ ಬಗೆಯವು ಇವೆ, ಖುದ್ದಾಗಿ ಬಂದು ಆರಿಸಿಕೊಳ್ಳಿ’ ಎಂದುಬಿಟ್ಟರು. ಅಂದದ್ದಾದರೂ ಯಾರಿಗೆ? ಆಗ್ಲಪ್ಪನವರಿಗೆ!

ಅದು ತಂದೆ ತಾಯಿ ಇಟ್ಟ ಹೆಸರಲ್ಲ, ಬೀದಿಯವರು ಕೊಟ್ಟ ಬಿರುದು. ಆತ ಚಪ್ಪಲಿ ಅಂಗಡಿಯಲ್ಲಿ ಮಾರಾಟಕ್ಕೆ ನಿಲ್ಲುವವರು. ಗಿರಾಕಿ “ಇದು ಬೇಡ” ಅಂದರೆ “ಆಗಲಿ”, “ಮೇಲಿನದು ಇಳಿಸ್ರೀ” ಅಂದರೆ “ಆಗಲಿ”. ಅಂಗಡಿಯನ್ನೆಲ್ಲ ನೆಲಕ್ಕಿಳಿಸಿ ನೋಡಿ, “ಹಳೇದನ್ನೇ ಹೊಲಿಸ್ಕೋತೀನಿ ಬಿಡ್ರೀ” ಅಂತ ಎದ್ದು ಹೋದರೂ “ಆಗಲಿ”. ಬೇರೆಯವರ ಕಾಲಿಗೆ ಸರಿಯಾದದ್ದನ್ನು ಕಣ್ಣಳತೆಯಲ್ಲೇ ಹೇಳಬಲ್ಲ ಮನುಷ್ಯ. ತನಗಾಗಿ ಒಂದು ಬಾಚಣಿಗೆ ಆರಿಸು ಅಂದರೆ ಮಾತ್ರ ಬೆವರುತ್ತಿದ್ದರು.

ಆಗ ಬೀದಿಗೆಲ್ಲ ಇದ್ದದ್ದು ಒಂದೇ ಫೋನು, ಕೊನೆಯ ಮನೆಯ ದೊಡ್ಡಪ್ಪನದು. ಅವರು ಯಾರಿಗೂ ಸ್ವಂತ ದೊಡ್ಡಪ್ಪ ಅಲ್ಲ. ಮನೆಯಲ್ಲಿ ಫೋನ್ ಇದ್ದ ಕಾರಣಕ್ಕೆ ಊರಿಗೆಲ್ಲ ದೊಡ್ಡಪ್ಪ ಆದವರು. ಬೀದಿಯ ಜನ ತಮ್ಮ ತಮ್ಮ ನೆಂಟರಿಗೆ ಕೊಟ್ಟಿದ್ದದ್ದು ಅದೇ ನಂಬರು. ಕರೆ ಬಂದರೆ ದೊಡ್ಡಪ್ಪ ಹೊಸ್ತಿಲ ಮೇಲೆ ನಿಂತು ಕೂಗುವರು. ಯಾರಿಗೆ ಬಂದಿದೆಯೋ ಅವರು ಒದ್ದೆ ಕೈಯಲ್ಲೋ ಅರ್ಧ ಬೋಳಿಸಿದ ಗಡ್ಡದಲ್ಲೋ ಓಡುವರು. ಯಾರಿಗೆ ಬಂದಿಲ್ಲವೋ ಅವರು ಹಿಂದೆಯೇ ನಿಧಾನಕ್ಕೆ ನಡೆದುಕೊಂಡು ಬರುವರು, ಪಾಪ, ಏನು ಸುದ್ದಿಯೋ ಏನೋ ಅಂತ.

ಆಗ್ಲಪ್ಪನವರ ಹೆಂಡತಿಗೆ ದೂರದ ಊರಿನಲ್ಲಿದ್ದ ಅಕ್ಕ ಅಂದರೆ ಜೀವ. ಆದರೆ ದೊಡ್ಡಪ್ಪನ ಹಜಾರದಲ್ಲಿ ಅಷ್ಟು ಕಿವಿಗಳ ನಡುವೆ ನಿಂತು ಏನಂತ ಮಾತಾಡುವುದು? “ಹ್ಞೂ... ಹ್ಞೂ... ಚೆನ್ನಾಗಿದ್ದೀವಿ” ಅಂದು ಇಟ್ಟುಬಿಡುತ್ತಿದ್ದರು. ಕಳೆದ ಸಲವಂತೂ ಅಕ್ಕ ಏನೋ ಹೇಳಲು ಹೊರಟು ಅತ್ತೇಬಿಟ್ಟಿದ್ದಳು. ಏನಾಯಿತೆಂದು ಕೇಳೋಣವೆಂದರೆ ದೊಡ್ಡಪ್ಪ ಪೇಪರಿನ ಮರೆಯಿಂದ ಕತ್ತು ಚಾಚಿದ್ದರು. “ಮನೆಗೇ ಫೋನ್ ಬರುತ್ತಲ್ಲ ಅಕ್ಕಾ, ಅವತ್ತು ಸಂಜೆ ಮಾಡು, ಎಲ್ಲಾ ಹೇಳುವಿಯಂತೆ” ಅಂತ ಇಟ್ಟು ಬಂದವರಿಗೆ ಆಮೇಲೆ ಊಟ ಸೇರಿರಲಿಲ್ಲ.

ಆ ಸಂಜೆ ಇವತ್ತೇ. ಹೊಸ ನಂಬರಿನ ಕಾಗದ ಮೊದಲೇ ಬಂದಿತ್ತು, ಅಕ್ಕನಿಗೆ ಬರೆದೂ ಆಗಿತ್ತು, ಬೀದಿಯವರೆಲ್ಲ ನೋಡಿಯೂ ಆಗಿತ್ತು. ಲೈನ್‌ಮ್ಯಾನ್ ಮಧ್ಯಾಹ್ನ ಬರುವವನಿದ್ದ. ಬೆಳಿಗ್ಗೆ ಹೆಂಡತಿ ಬಾಗಿಲಲ್ಲಿ ನಿಂತು ಹೇಳಿದರು:

“ರೀ, ಕೇಳಿಸ್ಕೊಳ್ಳಿ. ಮೆತ್ತಗೆ ಗಂಟೆ ಹೊಡಿಯೋದು ಬೇಕು. ಬೀದಿಗೆಲ್ಲ ಕೇಳ್ಬಾರ್ದು. ವೈರು ಅಡುಗೆಮನೆ ಮುಟ್ಟಬೇಕು. ಒಳಗೆ ತಗೊಂಡು ಹೋಗಿ ಬಾಗ್ಲು ಹಾಕ್ಕೊಂಡು ಮಾತಾಡ್ಬೇಕು ನಾನು.”

“ಆಗಲಿ.”

“ನನಗೆ ‘ಆಗಲಿ’ ಅಂದ ಹಾಗೆ ಬೇರೆಯವರಿಗೆಲ್ಲ ಅನ್ನಬೇಡಿ ಮತ್ತೆ!”

“ಆಗಲಿ ಮಾರಾಯ್ತಿ.”

ತಿರುವು ದಾಟುವ ಮೊದಲೇ ದೊಡ್ಡಪ್ಪ ಕೊಡೆ ಬೀಸುತ್ತ ಅಡ್ಡ ಬಂದರು. “ಫೋನ್ ಆರಿಸೋದು ಅಂದ್ರೆ ಹುಡುಗಾಟ ಏನಯ್ಯಾ? ಅನುಭವಸ್ಥರು ಜೊತೆಗಿರ್ಬೇಕು, ನಡಿ.” ಅವರ ಹಿಂದೆ ಮಹಡಿ ಮನೆಯ, ಬೀದಿಗೆಲ್ಲ ಅತ್ತೆಯಾದ ಹೆಂಗಸು ಚಪ್ಪಲಿ ಮೆಟ್ಟಿಕೊಳ್ಳುತ್ತ ಇಳಿದರು. “ಗಂಡಸರಿಗೆ ಬಣ್ಣ ಗೊತ್ತಾಗಲ್ಲ, ನಾನೂ ಬರ್ತೀನಿ.” ಔಷಧಿ ಅಂಗಡಿಗೆ ಹೊರಟಿದ್ದ ಕಾಂಪೌಂಡರ್ ಅದೇ ದಾರಿ ಅಂತ ಸೇರಿಕೊಂಡ. ಆಗ್ಲಪ್ಪನವರು ಮದುವೆ ಗಂಡಿನ ಹಾಗೆ ಮಧ್ಯದಲ್ಲಿ ನಡೆದರು.

ಕಚೇರಿಯ ಉಗ್ರಾಣದ ಅಧಿಕಾರಿ ಮೇಜಿನ ಮೇಲೆ ಎರಡು ಫೋನ್ ಇಟ್ಟ. ಒಂದು ಕಪ್ಪನೆಯದು, ಬೆರಳು ಹಾಕಿ ತಿರುಗಿಸುವ ಡಯಲ್ಲಿನದು, ಮಲಗಿದ ಎಮ್ಮೆಯ ಹಾಗಿತ್ತು. ಇನ್ನೊಂದು ಕೆಂಪನೆಯದು, ಗುಂಡಿ ಒತ್ತುವಂಥದ್ದು. ಪರೀಕ್ಷೆಗೆಂದು ಕೆಂಪಿನದರ ಗಂಟೆ ಹೊಡೆಸಿದ. ಗುಬ್ಬಿ ಕೂಗಿದಂತಾಯಿತು. ಆಗ್ಲಪ್ಪನವರ ಮುಖ ಅರಳಿತು.

“ಇದೇ ಇರಲಿ, ಸಾರ್.”

“ಥೂ, ಇದೇನು ಗಂಟೆನಾ?” ಅಂದರು ದೊಡ್ಡಪ್ಪ. “ಸ್ನಾನದ ಮನೇಲಿ ನೀರು ಬಿಟ್ರೆ ಕೇಳ್ಸಲ್ಲ. ಆ ಕರಿಯಂದು ಹೊಡೆಸ್ರೀ.”

ಕರಿಯದರ ಗಂಟೆ ಹೊಡೆಯಿತು ನೋಡಿ, ಹೊರಗಿನ ಬೆಂಚಿನ ಮೇಲೆ ತೂಕಡಿಸುತ್ತಿದ್ದವರೆಲ್ಲ ಬೆಂಕಿ ಬಿತ್ತೆಂದು ಎದ್ದು ನಿಂತರು.

“ಗಂಟೆ ಅಂದ್ರೆ ಇದು! ನಮ್ಮನೆ ಜಗಲೀಲಿ ಕೂತ್ರೂ ಕೇಳುತ್ತೆ.”

“ನಿಮ್ಮ ಜಗಲಿಗೆ ಯಾಕೆ ಕೇಳ್ಬೇಕು ದೊಡ್ಡಪ್ಪಾ?” ಆಗ್ಲಪ್ಪನವರ ದನಿ ಕೆಂಪು ಫೋನಿನಷ್ಟೇ ಮೆತ್ತಗಿತ್ತು.

“ನೀವು ಮನೇಲಿ ಇಲ್ದಾಗ ನಿಮಗೆ ಹೇಳೋರು ಯಾರಯ್ಯಾ? ಉಪಕಾರ ಮಾಡೋಣ ಅಂದ್ರೆ ಪ್ರಶ್ನೆ ಕೇಳ್ತಾನೆ!”

ಕಾಂಪೌಂಡರ್ ಅಷ್ಟರಲ್ಲಿ ಕೆಂಪು ಫೋನನ್ನು ಅಂಗೈ ಮೇಲಿಟ್ಟು ತೂಗುತ್ತಿದ್ದ. “ತೀರಾ ಹಗುರ ಸಾರ್. ಬೆಕ್ಕು ಎಳ್ಕೊಂಡು ಹೋಗುತ್ತೆ.”

“ನಮ್ಮನೇಲಿ ಬೆಕ್ಕಿಲ್ಲಪ್ಪ.”

“ಸಾಕಿದ್ರೆ ಅಂತ ಹೇಳ್ದೆ.”

ಮೇಜಿನ ಕೆಳಗೆ ಸುತ್ತಿ ಬಿದ್ದಿದ್ದ ಕೆಂಪು ಫೋನಿನ ವೈರು ಎಷ್ಟು ಉದ್ದ ಅಂತ ನೋಡಲು ಅತ್ತೆ ತುದಿ ಹಿಡಿದು ಸರಕ್ಕನೆ ಎಳೆದರು. ಫೋನು ಕಾಂಪೌಂಡರನ ಅಂಗೈಯಿಂದ ಹಾರಿ, ನೆಲಕ್ಕೆ ಬಡಿದು, ಗುಂಡಿಗಳನ್ನು ಹುರಿಗಡಲೆಯಂತೆ ಚೆಲ್ಲಿತು. ಒಂದು ಗುಂಡಿ ಉರುಳುತ್ತ ಹೋಗಿ ಬೀರುವಿನ ಅಡಿ ಸೇರಿತು.

“ಕೆಂಪಿನದು ಇದ್ದದ್ದು ಅದೊಂದೇ,” ಅಂದ ಅಧಿಕಾರಿ. “ಕರಿಯದು ಒಯ್ತೀರೋ, ಇಲ್ಲಾ ಮುಂದಿನ ಸಲ ಬರೋವರೆಗೂ ಕಾಯ್ತೀರೋ?”

ಮುಂದಿನ ಸಲ ಅಂದರೆ ಏನೆಂದು ವರ್ಷಗಟ್ಟಲೆ ಕಾದವರಿಗೆ ಹೇಳಿಕೊಡಬೇಕೆ? ಸಂಜೆ ಅಕ್ಕನ ಕರೆ ಬೇರೆ. ಆಗ್ಲಪ್ಪನವರು ಕರಿಯದನ್ನು ಎದೆಗವುಚಿಕೊಂಡು ಹೊರಬಿದ್ದರು. ಬೀಸುವ ಕಲ್ಲನ್ನು ಹೊತ್ತಂತಿತ್ತು. ಒಬ್ಬರಾದರೂ ಕೈ ಕೊಡಲಿಲ್ಲ. ಆದರೆ ಮೂವರೂ ದಾರಿಯುದ್ದಕ್ಕೂ “ಹುಷಾರು, ಹುಷಾರು” ಅಂದರು.

ಹೋಗಲಿ, ಗಂಟೆಗೆ ಬಟ್ಟೆ ಸುತ್ತಿದರಾಯಿತು, ಅಡುಗೆಮನೆವರೆಗೆ ವೈರು ಎಳೆಸಿದರೆ ಹೆಂಡತಿ ಅರ್ಧವಾದರೂ ಕ್ಷಮಿಸುತ್ತಾಳೆ ಎಂದುಕೊಂಡು ಮನೆ ಮುಟ್ಟಿದರೆ ಲೈನ್‌ಮ್ಯಾನ್ ಆಗಲೇ ಏಣಿ ಹಾಕಿ ನಿಂತಿದ್ದ. ಹೆಂಡತಿ ತಾನು ಕಲಿಸುವ ಶಾಲೆಯಿಂದ ಇನ್ನೂ ಬಂದಿರಲಿಲ್ಲ.

“ಎಲ್ಲಿ ಕೂರಿಸ್ಲಿ ಸಾರ್?”

“ಒಳಗೆ, ಅಡುಗೆ...”

“ಅಡುಗೆಮನೇಲಿ ಫೋನಾ? ಹೊಗೆ, ಎಣ್ಣೆ! ವಾರಕ್ಕೇ ಕೆಡುತ್ತೆ,” ಅಂದರು ಅತ್ತೆ. “ಬೀದಿ ಕಿಟಕಿ ಹತ್ರ ಇಡಪ್ಪ. ಒಳ್ಳೇ ಗಾಳಿ, ಬೆಳಕು. ಹೊರಗಿಂದಾನೂ ಕೈಗೆ ಎಟುಕುತ್ತೆ.”

“ಹೊರಗಿಂದ ಯಾಕೆ ಎಟುಕ್ಬೇಕು ಅತ್ತೇ?”

“ಕೈಗೆ ಎಟುಕೋದು ಒಳ್ಳೇದಲ್ವೇನೋ ಯಾವತ್ತಿದ್ರೂ!”

ಲೈನ್‌ಮ್ಯಾನ್ ವೈರನ್ನು ಹಜಾರದ ಗೋಡೆಗುಂಟ, ಬಾಗಿಲ ಮೇಲಿಂದ, ಅಂದಕ್ಕೆ ಒಂದು ಸುತ್ತು ಹೆಚ್ಚಾಗಿಯೇ ತಂದು ಕಿಟಕಿಗೆ ಮುಟ್ಟಿಸಿ ಮೊಳೆ ಹೊಡೆದ. ಒಳಕ್ಕೆ ಎಳೆಯೋಣವೆಂದರೆ ಅವನ ಕೈಯಲ್ಲಿದ್ದ ವೈರು ಮುಗಿದಿತ್ತು. “ಇನ್ನು ಅಲ್ಲಾಡಿಸೋ ಹಾಗಿಲ್ಲ ಸಾರ್” ಅಂತ ಏಣಿ ಹೊತ್ತು ನಡೆದ.

ಹೆಂಡತಿ ಬಂದಾಗ ಹಜಾರದಲ್ಲಿ ಕಾಲಿಡಲು ಜಾಗವಿರಲಿಲ್ಲ. ಹೊಸ ಫೋನ್ ನೋಡಲು ಬೀದಿಗೆ ಬೀದಿಯೇ ನೆರೆದಿತ್ತು. ತಮ್ಮ ಮನೆ ಬಾಗಿಲನ್ನು ಎಂದಿನಂತೆ ಬೀಗ ಹಾಕದೆ ಬರೀ ಮುಂದಕ್ಕೆಳೆದು ದೊಡ್ಡಪ್ಪನ ಹೆಂಡತಿ ದೊಡ್ಡಮ್ಮನೂ ಬಂದಿದ್ದರು. ದೊಡ್ಡಪ್ಪ ಒಳ್ಳೆಯ ಕುರ್ಚಿ ಹಿಡಿದು ಪೇಪರು ಬಿಡಿಸಿ ಕೂತಿದ್ದರು. ಕಿಟಕಿಯ ಹೊರಗೆ ಸರಳು ಹಿಡಿದು ಇನ್ನೊಂದಷ್ಟು ಜನ. ಹೆಂಡತಿ ಎಮ್ಮೆಯಂಥ ಕರಿ ಫೋನನ್ನು ನೋಡಿದರು, ಮೊಳೆ ಹೊಡೆದ ವೈರನ್ನು ನೋಡಿದರು, ಕೊನೆಗೆ ಗಂಡನನ್ನು ನೋಡಿದರು.

ಅಷ್ಟರಲ್ಲಿ ಫೋನು ಹೊಡೆದುಕೊಂಡಿತು. ಗೂಡಿನಲ್ಲಿದ್ದ ಲೋಟಗಳು ಗಲಗಲ ಎಂದವು. ಹೆಂಡತಿ ಕೈಗೆತ್ತಿಕೊಂಡರು. ಕಾಂಪೌಂಡರ್ ಕೆಮ್ಮು ಬಂದದ್ದನ್ನು ನುಂಗಿಕೊಂಡ.

“ಅಕ್ಕಾ... ಹ್ಞೂ... ಹ್ಞೂ... ಚೆನ್ನಾಗಿದ್ದೀವಿ.” ಕುರ್ಚಿಯಲ್ಲಿದ್ದ ದೊಡ್ಡಪ್ಪನತ್ತ ಒಮ್ಮೆ ನೋಡಿ, “ಇಲ್ಲ ಅಕ್ಕಾ, ಹಳೇದೇ ವಾಸಿ. ಹ್ಞೂ, ಈಗ್ಲೇ” ಅಂತ ಇಟ್ಟುಬಿಟ್ಟರು.

“ಏನಂತೆ? ಹಳೇದು ಅಂದ್ರೆ ಏನು ಹಳೇದು?” ಅತ್ತೆ ಕೇಳುವಷ್ಟರಲ್ಲಿ ಅವರು ಹಿತ್ತಲ ಬಾಗಿಲಿನಿಂದ ಹೊರಟೇಹೋಗಿದ್ದರು. ಅಳಲಿಕ್ಕೇ ಹೋದಳು ಅಂದುಕೊಂಡರು ಆಗ್ಲಪ್ಪನವರು.

ಹಿಂದೆ ಹೋಗೋಣವೆಂದರೆ ಮತ್ತೆ ಗಂಟೆ. ಈ ಸಲ ಯಾರೋ ಗಂಡಸಿನ ದನಿ, “ಮೂಲೆಮನೆ ಮೇಷ್ಟ್ರನ್ನ ಕರೀತೀರಾ?”

“ಈ ನಂಬರು ನಿಮಗೆ ಯಾರು ಕೊಟ್ಟದ್ದು?”

“ಮೇಷ್ಟ್ರೇ ಕೊಟ್ರು. ಇನ್ಮೇಲೆ ಇದಕ್ಕೇ ಮಾಡಿ ಅಂದ್ರು.”

ಆಗ್ಲಪ್ಪನವರು ನೆರೆದವರತ್ತ ನೋಡಿದರು. ಕಾಂಪೌಂಡರ್ ಸೂರು ನೋಡಿದ. ಅತ್ತೆ ಸೆರಗು ಸರಿಮಾಡಿಕೊಂಡರು. “ನಾನೂ ನಮ್ಮ ತಂಗಿಗೆ ಕೊಟ್ಟಿದ್ದೀನಪ್ಪ. ಒಬ್ಬರ ಮನೇಗೇ ಎಷ್ಟು ದಿನ ಅಂತ ತೊಂದ್ರೆ ಕೊಡೋದು?” ದೊಡ್ಡಪ್ಪ ಪೇಪರಿನ ಆಚೆಯಿಂದ ಹೇಳಿದರು, “ಕೂಗೀ ಕೂಗೀ ನನ್ನ ಗಂಟಲೂ ಹೋಯ್ತು. ಓಡು, ಮೇಷ್ಟ್ರು ಗಿಡಕ್ಕೆ ನೀರು ಹಾಕ್ತಿರ್ತಾರೆ.”

ಓಡಿದರು. ಬೀದಿ ಬಿಕೋ ಎನ್ನುತ್ತಿತ್ತು. ಮೇಷ್ಟ್ರಿಗೆ ಹೇಳಿ ಕಳಿಸಿ, ಹಿಂತಿರುಗುವಾಗ ದೊಡ್ಡಪ್ಪನ ಮನೆಯ ಮುಂದೆ ಕಾಲು ನಿಂತಿತು. ಮುಚ್ಚಿದ ಬಾಗಿಲ ಹಿಂದೆ ಯಾರೋ ಮಾತಾಡುತ್ತಿದ್ದರು.

“ಅಯ್ಯೋ, ಅಷ್ಟೇನಾ? ಅಷ್ಟಕ್ಕೆ ಹಾಗೆ ಅತ್ತಿದ್ದಾ? ನಾನಿಲ್ಲಿ ಏನೇನೋ ಅಂದ್ಕೊಂಡು ಸತ್ತೆ ಕಣೇ ಅಕ್ಕಾ!” ಹಿಂದೆಯೇ ನಗು. ಉಸಿರು ಸಿಗದ ಹಾಗೆ, ಗೋಡೆಗೆ ಒರಗಿಕೊಂಡು ನಕ್ಕಂಥ ನಗು. ಮದುವೆಯಾದ ಹೊಸತರಲ್ಲಿ ಕೇಳಿದ್ದ ನಗು ಅದು. ಆಗ್ಲಪ್ಪನವರು ಮೆಟ್ಟಿಲ ಮೇಲೆ ಮೆಲ್ಲಗೆ ಕುಳಿತರು.

“ಇಲ್ಲಿ ಒಂದು ನರಪಿಳ್ಳೆ ಇಲ್ಲ ಅಕ್ಕಾ. ಎಲ್ಲಾ ನಮ್ಮನೇಲಿ ಕೂತಿದ್ದಾರೆ. ನಾಳೆನೂ ಇದೇ ಹೊತ್ತಿಗೆ ಇಲ್ಲಿಗೇ ಮಾಡು, ದಿನಾ ಮಾಡು... ಈಗ ಮೊದಲಿಂದ ಹೇಳು.”

ಬೀದಿಯ ಆ ತುದಿಯಲ್ಲಿ ದೊಡ್ಡಪ್ಪ ಕೊಡೆ ಹಿಡಿದು ಆಗ್ಲಪ್ಪನವರ ಮನೆಯ ಮೆಟ್ಟಿಲಿಳಿಯುವುದು ಕಾಣಿಸಿತು. ಹಿಂದೆ ದೊಡ್ಡಮ್ಮ. ಆಗ್ಲಪ್ಪನವರು ಹುಟ್ಟಿದ ಮೇಲೆ ಅಷ್ಟು ಜೋರಾಗಿ ಓಡಿದವರಲ್ಲ. ಎದುರಿಗೆ ಹೋಗಿ ಎರಡೂ ಕೈ ಅಗಲಿಸಿ ನಿಂತರು.

“ಎಲ್ಲಿಗೆ ಹೊರಟ್ರಿ ದೊಡ್ಡಪ್ಪಾ? ಕಾಫಿ ಆಗ್ಬೇಡ್ವಾ?”

“ಹೊತ್ತಾಯ್ತಲ್ಲಯ್ಯಾ.”

“ಏನು ಹೊತ್ತು? ಒಳ್ಳೇ ಕುರ್ಚಿ ನಿಮಗೇ ಅಂತ ಇಟ್ಟಿದ್ದೀನಿ. ದೊಡ್ಡಮ್ಮ, ನೀವೂ ಬನ್ನಿ. ಅತ್ತೇ, ಇಳೀಬೇಡಿ, ಕೂತ್ಕೊಳ್ಳಿ! ಎಲ್ಲರೂ ಕೂತ್ಕೊಳ್ಳಿ!” ತೋಳು ಹಿಡಿದು ಒಳಗೆ ತಳ್ಳುತ್ತ, ಏದುಸಿರು ಬಿಡುತ್ತ, ಬೇಡಿಕೊಂಡರು. “ನಾಳೆನೂ ಇದೇ ಹೊತ್ತಿಗೆ ಬನ್ನಿ. ಒಬ್ಬರೂ ತಪ್ಪಿಸಬಾರದು. ದಿನಾ ಬನ್ನಿ ದೊಡ್ಡಪ್ಪಾ, ದಮ್ಮಯ್ಯ ಅಂತೀನಿ!”

ದೊಡ್ಡಪ್ಪನ ಕಣ್ಣು ತೇವವಾಯಿತು. ಕೊಡೆ ಮಡಿಸಿ ಮೂಲೆಗಿಟ್ಟು, ಕುರ್ಚಿಯಲ್ಲಿ ಕಾಲು ಚಾಚಿ, ಕಾಂಪೌಂಡರನ ಕಡೆ ತಿರುಗಿ ಹೇಳಿದರು:

“ನೋಡಯ್ಯಾ, ಇಷ್ಟು ವರ್ಷ ನನ್ನ ಮನೇಲೂ ಫೋನ್ ಇತ್ತು. ಒಂದು ದಿನಾನಾದ್ರೂ ಯಾರನ್ನಾದ್ರೂ ಹೀಗೆ ಬಾಯ್ತುಂಬ ಕರೆದಿದ್ನಾ?”