ಗುದ್ದಿದ ಮೇಲೆ ಹೋಲ್ಡಾನ್

"ಇವತ್ತಿನಿಂದ ಈ ಲಾರಿಯ ಒಂದೇ ಒಂದು ವೈರನ್ನೂ ಹೊರಗಿನವರು ಮುಟ್ಟೋ ಹಾಗಿಲ್ಲ!" ಎಂದು ಲಾರಿ ಯಜಮಾನರು ಕಾಫಿ ಲೋಟ ಕುಕ್ಕಿ ಘೋಷಿಸಿದರು.

ಹೊರಗಿನವರು ಎಂದರೆ ಬೇರಾರೂ ಅಲ್ಲ, ಅವರ ಹೆಂಡತಿಯ ಖಾಸಾ ತಮ್ಮ. ಗ್ಯಾರೇಜಿನಲ್ಲಿ ಲಾರಿಗಳ ವೈರಿಂಗ್ ಮಾಡುವುದೇ ಅವನ ಕಸುಬು, ಅದೇ ಅವನ ಮಹಾಪರಾಧ. ತನ್ನ ಕಸುಬು ತನಗೆ ಗೊತ್ತಿದೆ ಎಂಬಂತೆ ಓಡಾಡುವ ಭಾಮೈದನನ್ನು ಯಾವ ಭಾವ ತಾನೆ ಸಹಿಸಿಯಾನು?

ಯಜಮಾನರ ಡೀಸೆಲ್ ಲಾರಿ ಈಚೆಗೆ ಅರ್ಧ ಮನೆಯೇ ಆಗಿಹೋಗಿತ್ತು. ಕ್ಯಾಬಿನ್ನಿನಲ್ಲಿ ಫ್ಯಾನು, ಹಾಡಿನ ಪೆಟ್ಟಿಗೆ, ಫೋನಿನ ಚಾರ್ಜರು, ನೀರು ತಣ್ಣಗಿಡುವ ಪುಟ್ಟ ಫ್ರಿಜ್ಜು. ಕೀಲಿ ತಿರುಗಿಸಿದ್ದೇ ತಡ, ಇಷ್ಟೂ ಮಂದಿ ಹಸಿದ ನೆಂಟರಂತೆ ಬ್ಯಾಟರಿಯ ಮೇಲೆ ಬೀಳುತ್ತಿದ್ದರು. ಪಾಪ, ಎಂಜಿನ್ನು 'ಕೊರ್ ಕೊರ್' ಎಂದು ಮುಲುಕಿ ಸುಮ್ಮನಾಗುತ್ತಿತ್ತು. ಈ ರೋಗಕ್ಕೆ ಯಜಮಾನರು ತಂದ ಮದ್ದೇ ಡಿಲೇ ಸ್ವಿಚ್ಚು. ನೋಡಲು ಬೆಂಕಿಪೊಟ್ಟಣದಷ್ಟಿದ್ದರೂ ಭಾರೀ ಶಿಸ್ತಿನ ಸಾಮಾನು. ಮೊದಲು ಎಂಜಿನ್ನು ಸ್ಟಾರ್ಟ್ ಆಗಬೇಕು, ಮಿಕ್ಕವರಿಗೆಲ್ಲ ಕರೆಂಟು ಆಮೇಲೆ. ಕೀಲಿ ತೆಗೆದ ಮೇಲೂ ಸ್ವಲ್ಪ ಹೊತ್ತು ಕರೆಂಟು ಕೊಡುತ್ತಿರುತ್ತದೆ, ಯಜಮಾನರು ಕ್ಯಾಬಿನ್ನಿನಲ್ಲೇ ಕೂತು ಉಣ್ಣುವಾಗ ಫ್ಯಾನು ತಿರುಗುತ್ತಿರಲಿ ಎಂದು. ಎಷ್ಟು ತಡ ಎಂಬುದನ್ನು ಅದರ ಮೈಮೇಲಿನ ಒಂದು ಸಣ್ಣ ತಿರುಪು ತೀರ್ಮಾನಿಸುತ್ತದೆ.

"ರೀ, ವೈರಿಂಗು ಗೀರಿಂಗು ನಾಳೆ ಇಟ್ಕೊಳ್ಳಿ. ಮೊದಲು ಲಾರಿ ಹೊರಗೆ ತೆಗೀರಿ," ಎಂದಳು ಹೆಂಡತಿ.

ಅವಳ ಆತುರಕ್ಕೆ ಕಾರಣವಿತ್ತು. ಆ ಸಂಜೆ ಅವಳ ಹೊಲಿಗೆ ಅಂಗಡಿ ಶುರುವಾಗುವುದಿತ್ತು. ಅಂಗಳದ ಗೇಟಿನ ಪಕ್ಕ ತಗಡಿನ ಚಾವಣಿಯ ಒಂದು ಕೋಣೆ, ಅದರ ಮುಂದೆ ಎರಡು ಕಂಬ, ಕಂಬಗಳ ಮೇಲೆ ಅವಳೇ ಬಣ್ಣ ಬಳಿದು ಬರೆದ ಬೋರ್ಡು. ಇಷ್ಟು ವರ್ಷ ಅಡುಗೆಮನೆಯ ಮೂಲೆಯಲ್ಲಿ ಮಷೀನು ತುಳಿದವಳಿಗೆ ಅದು ಅರಮನೆ. ಶಾಲೆಯ ಹೆಡ್ ಮೇಡಂ ಪರದೆ ಹೊಲಿಸುವ ವಿಚಾರ ಮಾತಾಡಲು ಬರುತ್ತೇನೆಂದಿದ್ದರು. ಆ ಒಂದು ಆರ್ಡರು ಸಿಕ್ಕರೆ ಅಂಗಡಿ ನೆಲೆ ನಿಂತ ಹಾಗೆ. ಆದರೆ ನಾಲ್ಕು ಜನ ನಿಲ್ಲಲೂ ಜಾಗವಿಲ್ಲದಂತೆ ಲಾರಿ ಅಂಗಳದ ತುಂಬ ಮೂತಿ ಒಳಗಿಟ್ಟು ಮಲಗಿತ್ತು.

"ತೆಗೀತೀನಿ ಕಣೇ. ಎಲ್ಲಾನೂ ಒಂದೇ ಸ್ವಿಚ್ಚಿಗೆ ಸೇರಿಸ್ತಿದ್ದೀನಿ. ಒಂದೇ ಮನೆ, ಒಬ್ಬನೇ ಯಜಮಾನ!"

"ಆ ಹಿಂದುಗಡೆ ಕೂಗೋದನ್ನೂನಾ?"

"ಹೂಂ, ಹೂಂ."

ಹಿಂದುಗಡೆ ಕೂಗುವುದು ಯಜಮಾನರ ಇನ್ನೊಂದು ಸಾಧನೆ. ಲಾರಿ ಹಿಂದಕ್ಕೆ ಬರುವಾಗಲೆಲ್ಲ ಹೆಂಡತಿ ಬಿಸಿಲಿನಲ್ಲಿ ನಿಂತು "ಬರ್ಲಿ, ಬರ್ಲಿ, ಹೋಲ್ಡಾನ್!" ಎಂದು ಗಂಟಲು ಹರಿದುಕೊಳ್ಳಬೇಕಿತ್ತು. ಅದನ್ನು ತಪ್ಪಿಸಲು ಅವರು ಲಾರಿಯ ಬೆನ್ನಿಗೆ ಒಂದು ಸೆನ್ಸರು ಕೂರಿಸಿದ್ದರು. ಹತ್ತಿರದಲ್ಲಿ ಏನಾದರೂ ಅಡ್ಡ ಬಂದರೆ ಅದು ನಾವು ತುಂಬಿಸಿಟ್ಟ ಮಾತನ್ನೇ ಕೂಗುತ್ತದೆ. ಮಾತು ತುಂಬಿಸಿದವಳು ಹೆಂಡತಿಯೇ: "ರೀ! ಹೋಲ್ಡಾನ್! ಹಿಂದೆ ನೋಡ್ರೀ!" ಸಂಸಾರದ ಅನುಭವವನ್ನೆಲ್ಲ ಬಸಿದು ಹೇಳಿದ್ದಳು, ಅದಕ್ಕೇ ಅಷ್ಟು ಚೆನ್ನಾಗಿ ಬಂದಿತ್ತು.

ಅಷ್ಟರಲ್ಲಿ ಭಾಮೈದನ ಫೋನು ಬಂತು. ಯಜಮಾನರು ಹಲ್ಲಲ್ಲಿ ವೈರು ಕಚ್ಚಿಕೊಂಡೇ ಫೋನನ್ನು ಕಿವಿಗೂ ಭುಜಕ್ಕೂ ನಡುವೆ ಸಿಕ್ಕಿಸಿಕೊಂಡರು.

"ಭಾವ, ಸ್ವಿಚ್ಚು ಕೂರಿಸ್ತಿದ್ದೀರಂತೆ, ಅಕ್ಕ ಹೇಳಿದ್ಳು. ನಾನು ಬರ್ಲಾ?"

"ಏನೂ ಬೇಡ."

"ಹಾಗಾದ್ರೆ ಒಂದು ಮಾತು ಕೇಳಿ. ಫ್ಯಾನು, ಫ್ರಿಜ್ಜು ಎಲ್ಲಾ ಡಿಲೇ ಲೈನಿಗೆ ಹಾಕಿ, ಪರವಾಗಿಲ್ಲ. ಸೆನ್ಸರನ್ನ ಮಾತ್ರ ಹಾಕ್ಬೇಡಿ. ಅದು ರಿವರ್ಸ್ ಗೇರಿನ ವೈರಲ್ಲೇ ಇರ್ಲಿ."

"ಹೂಂ, ಹೂಂ," ಎಂದರು ಯಜಮಾನರು. ಆ ಹೊತ್ತಿಗೆ ಅವರು ಸೆನ್ಸರನ್ನು ರಿವರ್ಸ್ ಗೇರಿನ ವೈರಿನಿಂದ ಕಿತ್ತು ಡಿಲೇ ಲೈನಿಗೆ ಸುತ್ತಿ, ಮೇಲೆ ಟೇಪು ಕೂಡ ಅಂಟಿಸುತ್ತಿದ್ದರು!

ಕೊನೆಯದಾಗಿ ತಿರುಪಿನ ಸರದಿ. 'ತಾಳಿದವನು ಬಾಳಿಯಾನು' ಎನ್ನುತ್ತಾ ಅದನ್ನು ಆ ತುದಿಯವರೆಗೂ ತಿರುಗಿಸಿಬಿಟ್ಟರು.

"ರೀ, ಮೇಡಂ ಬೀದಿ ತಿರುವಲ್ಲಿ ಬರ್ತಿದ್ದಾರೆ! ತಾಳಿ, ನಾನು ಹಿಂದೆ ನಿಂತ್ಕೋತೀನಿ. ಬೋರ್ಡಿನ ಕಂಬ ಇದೆ, ನೋಡ್ಕೊಂಡು—"

"ನೀನು ಹಿಂದೆ ನಿಂತು ಕೂಗೋ ಕಾಲ ಮುಗೀತು ಕಣೇ! ಇನ್ಮೇಲೆ ಮಷೀನೇ ಕೂಗುತ್ತೆ. ನೀನು ಅಂಗಡೀಲಿ ರಾಣಿ ಹಾಗೆ ಕೂತ್ಕೋ, ಹೋಗು!"

ಯಜಮಾನರು ಸಿಂಹಾಸನವೇರಿ ಕೀಲಿ ತಿರುಗಿಸಿದರು. ಆಹಾ! ಎಂಜಿನ್ನು ಒಂದೇ ಏಟಿಗೆ ಗುಡುಗಿತು. ಫ್ಯಾನು ತೆಪ್ಪಗಿತ್ತು, ಹಾಡಿನ ಪೆಟ್ಟಿಗೆ ತುಟಿ ಪಿಟಕ್ಕೆನ್ನಲಿಲ್ಲ. ಗೆದ್ದೆ ಎಂದುಕೊಂಡು ಮೀಸೆ ತಿರುವಿ ರಿವರ್ಸ್ ಗೇರು ಹಾಕಿದರು. ಲಾರಿ ಹಿಂದೆ ಸರಿಯಿತು. ಹಿಂದಿನಿಂದ ಯಾರೂ ಕೂಗಲಿಲ್ಲ. ಕೂಗಲಿಲ್ಲವೆಂದರೆ ದಾರಿ ಸಲೀಸಾಗಿದೆ ಎಂದೇ ಅರ್ಥವಲ್ಲವೇ? ಇನ್ನಷ್ಟು ಹಿಂದೆ ಬಿಟ್ಟರು.

ಢಬ್!

ಒಂದು ಕಂಬ ಮುರಿಯಿತು. ಬೋರ್ಡು ಒಂದು ಕಡೆಗೆ ಜೋತುಬಿತ್ತು. ಯಜಮಾನರು ಗಾಬರಿಬಿದ್ದು ಬ್ರೇಕು ತುಳಿದರು. ಸರಿಯಾಗಿ ಆ ಗಳಿಗೆಗೆ ಡಿಲೇ ಸ್ವಿಚ್ಚು ಕಣ್ಣುಬಿಟ್ಟಿತು. ಫ್ಯಾನು ಗಿರ್ರೆಂದಿತು, ಹಾಡಿನ ಪೆಟ್ಟಿಗೆ ಪ್ರೇಮಗೀತೆ ಎತ್ತಿಕೊಂಡಿತು, ಲಾರಿಯ ಬೆನ್ನಿನಿಂದ ಬೀದಿಯೆಲ್ಲ ಮೊಳಗುವಂತೆ ಕೇಳಿಸಿತು: "ರೀ! ಹೋಲ್ಡಾನ್! ಹಿಂದೆ ನೋಡ್ರೀ!"

ಕೋಟೆ ಸೂರೆಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದ ಹಾಗಾಯಿತು! ಯಜಮಾನರು ತಡಬಡಿಸಿ ಲಾರಿಯನ್ನು ಮೊಳದಷ್ಟು ಮುಂದೆ ತಂದು, ಎಂಜಿನ್ನು ನಿಲ್ಲಿಸಿ, ಕೀಲಿ ಕಿತ್ತು ಕೆಳಗೆ ಹಾರಿದರು. ಆದರೆ ತಿರುಪು ತುದಿಯಲ್ಲಿತ್ತಲ್ಲ, ಕರೆಂಟು ಹೋಗುವುದೂ ತಡವೇ. ಕಂಬದ ಮುಂದೆ ನಿಂತ ಲಾರಿ ಕೂಗಿದ್ದೇ ಕೂಗಿದ್ದು. "ರೀ! ಹೋಲ್ಡಾನ್! ಹಿಂದೆ ನೋಡ್ರೀ!" ಬೀದಿಯ ಕಿಟಕಿಗಳೆಲ್ಲ ತೆರೆದುಕೊಂಡವು. ಹೆಂಡತಿ ಬಾಯಿ ಮುಚ್ಚಿಕೊಂಡು ಅಂಗಡಿಯ ಬಾಗಿಲಲ್ಲಿ ನಿಂತಿದ್ದಳು, ದನಿ ಮಾತ್ರ ಅವಳದೇ!

ಅವಳ ಕಣ್ಣಲ್ಲಿ ನೀರು ಕಂಡು ಯಜಮಾನರ ಮೀಸೆಯ ತುದಿ ತಾನಾಗಿಯೇ ಕೆಳಗಿಳಿಯಿತು. ಓಡಿಹೋಗಿ, ಮುರಿದ ಕಂಬವಿದ್ದ ಜಾಗದಲ್ಲಿ ತಾವೇ ನಿಂತು, ಜೋತುಬಿದ್ದ ಬೋರ್ಡನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದರು. ಅದೇ ಹೊತ್ತಿಗೆ ಹೆಡ್ ಮೇಡಂ ಗೇಟಿನೊಳಗೆ ಕಾಲಿಟ್ಟರು.

"ಇದು ಯಾರ ದನಿ?" ಎಂದರು ಮೇಡಂ.

"ನಂದೇ, ಮೇಡಂ," ಎಂದಳು ಹೆಂಡತಿ, ನಾಚಿ ಹಿಡಿಯಷ್ಟಾಗಿ.

"ಬೀದಿ ತುದಿಗೇ ಕೇಳಿಸ್ತು. ಅಂಗಡಿ ಎಲ್ಲಿ ಅಂತ ಯಾರನ್ನೂ ಕೇಳೋ ಹಾಗೇ ಇರಲಿಲ್ಲ!" ಎಂದು ಮೇಡಂ ನಕ್ಕು, ಕಂಬವಾಗಿ ನಿಂತಿದ್ದ ಯಜಮಾನರ ತೋಳಿನ ಕೆಳಗೆ ಬಗ್ಗಿ ಒಳಗೆ ಹೋದರು. ಪರದೆಯ ಬಟ್ಟೆ ನೋಡಿದರು, ಹೊಲಿಗೆ ಎಳೆದು ನೋಡಿದರು, ಶಾಲೆಯ ಎಲ್ಲ ಕಿಟಕಿಗೂ ಆರ್ಡರು ಕೊಟ್ಟುಬಿಟ್ಟರು. ಕೂಗು ಕೇಳಿ ಕೂಡಿದ್ದ ಹೆಂಗಸರೂ ಒಬ್ಬೊಬ್ಬರಾಗಿ ಒಳಗೆ ನುಗ್ಗಿದರು.

ಸುದ್ದಿ ಮುಟ್ಟಿ ಭಾಮೈದ ಓಡಿಬಂದ. ಟೇಪು ಬಿಚ್ಚಿ, ಸೆನ್ಸರಿನ ವೈರನ್ನು ಡಿಲೇ ಲೈನಿನಿಂದ ತೆಗೆದು ರಿವರ್ಸ್ ಗೇರಿಗೆ ಕೊಟ್ಟು, ತಿರುಪನ್ನು ಈಚೆಗೆ ತಂದ.

"ಭಾವ, ಫೋನಲ್ಲೇ ಹೇಳಿದ್ನಲ್ಲ?"

"ಹೇಳಿದ್ಯಪ್ಪ. ಈಗ ನೆನಪಾಗ್ತಿದೆ," ಎಂದರು ಯಜಮಾನರು ಬೋರ್ಡಿನಡಿಯಿಂದ. "ನನ್ನ ಸಾಮಾನಿನ ಪೆಟ್ಟಿಗೆ ನೀನೇ ತಗೊಂಡು ಹೋಗು."

ಅಳತೆ ಟೇಪನ್ನು ಕೊರಳಿಗೆ ಹಾಕಿಕೊಂಡು ಹೆಂಡತಿ ಹೊರಗೆ ಬಂದಳು. ಮುಖದಲ್ಲಿ ನಗು ಮರಳಿತ್ತು.

"ತಮ್ಮಾ, ಇನ್ನೊಂದು ಡಿಲೇ ಸ್ವಿಚ್ಚಿದೆ. ಅದನ್ನೂ ಬಿಚ್ಚಿ ಕೊಟ್ಟು ಹೋಗೋ."

"ಇನ್ನೊಂದಾ? ಎಲ್ಲಿದೆ ಅಕ್ಕ?"

"ನಿಮ್ಮ ಭಾವನ ಕಿವೀಲಿ. ಮದುವೆ ಆದಾಗಿನಿಂದ ನೋಡ್ತಿದ್ದೀನಿ, ನಾನು ಹೇಳಿದ್ದೆಲ್ಲ ಅವರಿಗೆ ಗುದ್ದಿದ ಮೇಲೇ ಕೇಳಿಸೋದು!"

ಒಳಗಿದ್ದ ಹೆಂಗಸರು ಗೊಳ್ಳೆಂದು ನಕ್ಕರು. ಭಾಮೈದ ನಕ್ಕ. ಆ ನಗುವೆಲ್ಲ ಮುಗಿದು, ಭಾಮೈದ ಪೆಟ್ಟಿಗೆ ಎತ್ತಿಕೊಂಡು ಗೇಟು ದಾಟಿ, ಹೆಂಡತಿ ಮಷೀನಿನ ಮುಂದೆ ಕೂತ ಮೇಲೆ, ಬೋರ್ಡಿನ ಕೆಳಗಿನಿಂದ ಯಜಮಾನರ ದನಿ ಬಂತು:

"ಏನಂದೆ?"