ಗಂಡಾದರೆ ಗುಡ್ಡೆ, ಹೆಣ್ಣಾದರೆ ಹೆಣ

ಗೊಚಾನ ದಿನ ಹಾಳಾಗಿದ್ದು ಮರಳಿನಿಂದ. ಮರಳು ಹೆಣ್ಣು ಅಂತ ಬೆಳಬೆಳಿಗ್ಗೆ ಯಾರೂ ಅವನಿಗೆ ಹೇಳದೆ ಇದ್ದಿದ್ದರೆ ಅವತ್ತೂ ಎಲ್ಲ ದಿನಗಳ ಹಾಗೆ ಬೆನ್ನು ಬಗ್ಗಿಸಿಕೊಂಡೇ ಕಳೆದುಹೋಗುತ್ತಿತ್ತು.

ಹೇಳಿದವರು ಎಫ್ತೆರ್ಪಿ ಮೇಡಂ. ಆಯಸ್ಸೆಲ್ಲ ಹೈಸ್ಕೂಲಿನಲ್ಲಿ ಗ್ರೀಕ್ ವ್ಯಾಕರಣ ಅರೆದು ಕುಡಿಸಿದವರು. ರಿಟೈರಾದ ಮೇಲೆ ಕುಡಿಸಲು ಮಕ್ಕಳು ಸಿಗದೆ ಮುಸ್ಮುಲಾ ಓಣಿಯಲ್ಲಿ ಸಿಕ್ಕಿದವರ ಬಾಯಿಗೆಲ್ಲ ಹೊಯ್ಯುತ್ತಿದ್ದರು. ಗೊಚಾ ಸಿಕ್ಕಿದ್ದು ಹಸಿದ ಬೆಕ್ಕಿಗೆ ಮೀನಿನ ಬುಟ್ಟಿ ಸಿಕ್ಕ ಹಾಗಾಯಿತು. ಅವನು ಜಾರ್ಜಿಯಾದಿಂದ ಬಂದ ಗಾರೆಯವನು. ಅವನ ತಾಯಿಮಾತಿನಲ್ಲಿ ಅವನು, ಅವಳು, ಅದು ಮೂರಕ್ಕೂ ಒಂದೇ ಪದ. ಇಲ್ಲಿ ಗ್ರೀಸಿನಲ್ಲಿ ನೋಡಿದರೆ ಪ್ರತಿ ಪದಕ್ಕೂ ಒಂದು ಮೂಗುದಾರ. ಗಂಡಿಗೆ 'ಓ', ಹೆಣ್ಣಿಗೆ 'ಈ', ಎರಡೂ ಅಲ್ಲದ್ದಕ್ಕೆ 'ತೊ'. ಗೋಡೆ ಗಂಡು, ಕುರ್ಚಿ ಹೆಣ್ಣು, ಮೇಜು ಎರಡೂ ಅಲ್ಲ. ಹೋಗಲಿ ಬಿಡಿ ಅಂದರೆ ಹುಡುಗಿಯೂ ಎರಡೂ ಅಲ್ಲ. ಇವನ್ನೆಲ್ಲ ಯಾರು ಯಾವಾಗ ಬಾಲ ಎತ್ತಿ ನೋಡಿ ತೀರ್ಮಾನಿಸಿದರೋ.

ಅವತ್ತು ಸಂಜೆ ನಾಲ್ಕಕ್ಕೆ ಪರ್ಮಿಟ್ ಕಚೇರಿಯಲ್ಲಿ ಅವನ ಸಂದರ್ಶನ. ತಪ್ಪಿಲ್ಲದೆ ಗ್ರೀಕ್ ಮಾತಾಡಬೇಕು, ಇವನು ಒಳ್ಳೆಯವನು ಅನ್ನಲು ಊರಿನವರೊಬ್ಬರು ಜೊತೆಗಿರಬೇಕು. ಪಾಸಾದರೆ ಹೆಂಡತಿ ನಾತೆಲಾಳನ್ನು ಕರೆಸಿಕೊಳ್ಳಬಹುದು. ಅವಳ ಮುಖ ನೋಡದೆ ಐದು ವರ್ಷವಾಗಿತ್ತು. ಹಿಂದಿನ ರಾತ್ರಿ ಫೋನಿನಲ್ಲಿ ಅವಳು, ಆ ಭಾಷೆಯಲ್ಲಿ ನಾನು ಗಂಡೋ ಹೆಣ್ಣೋ ಅಂತ ಕೇಳಿದ್ದಳು. ಹೆಂಡತಿ ಹೆಣ್ಣೇ, ವಿಚಾರಿಸಿಕೊಂಡಿದ್ದೀನಿ ಅಂದಿದ್ದ.

ಜೊತೆಗೆ ಬರಲು ಒಪ್ಪಿದ್ದವನು ಪ್ರೊದ್ರೊಮೊಸ್ ಅಜ್ಜ. ಗೊಚಾ ಅವನ ಮನೆಯ ನೆಲಮಾಳಿಗೆಯಲ್ಲೇ ಬಾಡಿಗೆಗಿದ್ದ. ತಂಬಾಕಿನ ಗೋದಾಮಿನಲ್ಲಿ ಎಲೆ ಆರಿಸಿ ಮುದುಕನಾದ ಮನುಷ್ಯ, ಓಣಿಯಲ್ಲೇ ದೊಡ್ಡ ತಮಾಷೆಗಾರ. ಹೋದ ವರ್ಷ ವೇಷದ ಹಬ್ಬದಲ್ಲಿ ಮೂಗಿಗೆ ಹತ್ತಿ ತುರುಕಿಕೊಂಡು ಸತ್ತ ಹಾಗೆ ಮಲಗಿ, ಕಾಫಿ ಅಂಗಡಿಯ ಲಾಜಾರೊಸ್ ಎದೆ ಬಡಿದುಕೊಂಡು ಅತ್ತ ಮೇಲೆ ಎದ್ದು ಕೂತು ಕಾಫಿ ಕೇಳಿದ್ದ.

ಅಜ್ಜನ ಗೋಡೆ ರಿಪೇರಿಗೆ ಬಂದ ಲಾರಿ, ಮರಳನ್ನು ಓಣಿಗೆ ಅಡ್ಡಡ್ಡ ಸುರಿದು ಹೋಗಿತ್ತು. ಮರಳಿಗೆ ಇಲ್ಲಿ 'ಅಮ್ಮೊಸ್' ಅಂತಾರೆ. ಗೊಚಾ ಅದಕ್ಕೆ 'ಓ' ಹಚ್ಚಿ, ಮರಳು ಬಂತು ಮೇಡಂ ಅಂದ.

"'ಈ' ಅನ್ನೋ. ಮರಳು ಹೆಣ್ಣು."

"'ಓಸ್' ಅಂತ ಮುಗಿಯೋದೆಲ್ಲ ಗಂಡು ಅಂತ ನೀವೇ ಹೇಳಿದ್ರಲ್ಲ."

"ಮರಳು ಹಂಗಲ್ಲ. ಬೀದೀನೂ ಹಂಗಲ್ಲ."

"ಯಾಕೆ?"

"ಯಾಕೆ ಅಂದ್ರೇನೋ? ಎರಡೂವರೆ ಸಾವಿರ ವರ್ಷದಿಂದ ಹಂಗೇ ಇದೆ. ನೀನು ಬಂದು ಐದು ವರ್ಷ ಆಯ್ತು."

ದಾರಿ ಕಟ್ಟಿದೆ ಅಂತ ಠಾಣೆಗೆ ತಿಳಿಸು, ಸಂಜೆಯ ಸಂದರ್ಶನಕ್ಕೆ ಬಾಯಿ ಪಳಗುತ್ತೆ ಅಂತ ಮೇಡಂ ಹೇಳಿ ಹೋದರು. ಗೊಚಾ ಫೋನ್ ಹಿಡಿದು ಲೆಕ್ಕ ಹಾಕಿದ. ಗುಡ್ಡೆಗೆ 'ಸೊರೊಸ್' ಅಂತಾರೆ. ಮರಳು ಹೆಣ್ಣು, ಅದು ಬಿದ್ದಿರುವ ಬೀದಿ ಹೆಣ್ಣು. ಹೆಣ್ಣಿನ ಮೇಲೆ ಹೆಣ್ಣು ಬಿದ್ದು ಆದ ಗುಡ್ಡೆ ಗಂಡಾಗುತ್ತದೆಯೇ? ಧೈರ್ಯವಾಗಿ 'ಈ ಸೊರೊಸ್' ಅಂದುಬಿಟ್ಟ.

"ಪ್ರೊದ್ರೊಮೊಸ್ ಅಜ್ಜನ ಬಾಗಿಲಲ್ಲಿ 'ಈ ಸೊರೊಸ್' ಇದೆ ಸಾರ್. ತಪ್ಪು ತಿಳೀಬೇಡಿ, ಮಧ್ಯಾಹ್ನದೊಳಗೆ ನಾನೇ ಸಲಿಕೇಲಿ ತೆಗೆದು, ಬಕೆಟ್ಟಲ್ಲಿ ಸ್ವಲ್ಪ ಸ್ವಲ್ಪ ಒಳಗೆ ಸಾಗಿಸ್ತೀನಿ. ಬೆಕ್ಕು ಗಲೀಜು ಮಾಡ್ಬಾರ್ದು ಅಂತ ಗೋಣಿ ಮುಚ್ಚಿದೀನಿ."

ಆ ಕಡೆ ಕುರ್ಚಿ ಸರಿದ ಸದ್ದಾಯಿತು. ಆಮೇಲೆ, ಅಲ್ಲೇ ಇರು, ಏನೂ ಮುಟ್ಟಬೇಡ ಅಂದರು. ಎಂಥ ಮರ್ಯಾದಸ್ಥ ಪೊಲೀಸರು ಅಂದುಕೊಂಡ ಗೊಚಾ.

ಸಿಗರೇಟು ಸೇದಿ ಮುಗಿಯುವಷ್ಟರಲ್ಲಿ ಓಣಿಯ ಎರಡೂ ತುದಿಗೆ ಜೀಪು, ಹಿಂದೆ ಆಂಬುಲೆನ್ಸು. ಗೊಚಾ ಮರಳಿಗೆ ಮುಖ ಕೊಟ್ಟು ಮಲಗಿದ್ದ, ಬೆನ್ನ ಮೇಲೆ ಸಾರ್ಜೆಂಟ್ ಥೆಮೆಲಿಸನ ಮೊಣಕಾಲಿತ್ತು. ಹೆಣ ಎಲ್ಲಿ ಅಂತ ಸಾರ್ಜೆಂಟ್ ಇವನ ಕಿವಿಯಲ್ಲಿ ಕಿರುಚುತ್ತಿದ್ದರೆ ಮೇಲಿನ ಬಾಲ್ಕನಿಯಲ್ಲಿ ಪೈಜಾಮದಲ್ಲಿ ನಿಂತು ಪ್ರೊದ್ರೊಮೊಸ್ ಅಜ್ಜ, ಯಾರು ಸತ್ತಿದ್ದು, ನಾನೇನಾ ಅಂತ ವಿಚಾರಿಸುತ್ತಿದ್ದ.

ಬಿಡಿಸಿ ಹೇಳಿದ್ದು ಎಫ್ತೆರ್ಪಿ ಮೇಡಂ. "ಸೊರೊಸ್ ಗಂಡಾದ್ರೆ ಗುಡ್ಡೆ, ಹೆಣ್ಣಾದ್ರೆ ಹೆಣ. ಕೇಳೋಕೆ ಒಂದೇ, ಲಿಂಗ ಬೇರೆ."

ಓಣಿ ನಕ್ಕಿತು. ಲಾಜಾರೊಸ್ ಹೊಟ್ಟೆ ಹಿಡಿದುಕೊಂಡು ಮರಳಿನ ಮೇಲೇ ಕೂತ. ನಗದೆ ಇದ್ದವನು ಥೆಮೆಲಿಸ್ ಒಬ್ಬನೇ. ಗೊಚಾನನ್ನು ನಿಲ್ಲಿಸಿ ಇಡೀ ಓಣಿಯ ಎದುರು 'ಓ' ಅಂದರೆ ಗುಡ್ಡೆ, 'ಈ' ಅಂದರೆ ಹೆಣ ಅಂತ ಮಗ್ಗಿಯ ಹಾಗೆ ಅವನ ಬಾಯಲ್ಲೇ ಹೇಳಿಸಿದ. ಇನ್ನೊಂದು ಸಲ 'ಈ' ಅಂತ ಫೋನ್ ಬಂದರೆ ಸುಳ್ಳು ದೂರಿನ ಕೇಸು ಹಾಕ್ತೀನಿ, ಆಮೇಲೆ ಯಾವ ಪರ್ಮಿಟ್ಟು ಸಿಗುತ್ತೋ ನೋಡ್ಕೊ ಅಂದ. ಅಜ್ಜ ನಕ್ಕೂ ನಕ್ಕೂ ಕೆಮ್ಮಿ, ಕಣ್ಣೊರೆಸಿಕೊಂಡು, "ಲೋ ಮಗಾ, ನಿನ್ನ ವ್ಯಾಕರಣ ನಿಜ ಮಾಡೋಕೆ ನಾನೇ ಒಂದಿನ ಮಲಗ್ತೀನಿ ಬಿಡು" ಅಂದ. ಕ್ಷೌರ ಮಾಡಿಕೊಂಡು ತಯಾರಾಗುತ್ತೇನೆ ಅಂತ ಒಳಗೆ ಹೋದ.

ಗೊಚಾ ಮರಳು ಹೊತ್ತ. ಪ್ರತಿ ಬಕೆಟ್ಟಿಗೂ ಲಾಜಾರೊಸ್ ಅಂಗಡಿಯಿಂದ, ಗಂಡೋ ಹೆಣ್ಣೋ ಅಂತ ಕೂಗುತ್ತಿದ್ದ. ಗೊಚಾ ಗಂಡು ಅನ್ನುತ್ತಿದ್ದ. ಐದು ವರ್ಷದಲ್ಲಿ ಓಣಿಯವರ ಗೋಡೆಗಳೆಲ್ಲ ನೆಟ್ಟಗೆ ನಿಂತಿದ್ದು ಇವನ ಕೈಯಿಂದ. ಗೋಡೆ ಯಾವ ಲಿಂಗ ಅಂತ ಗೊತ್ತಿಲ್ಲದೆಯೂ ನಿಂತಿದ್ದವು.

ಹೊರಡುವ ಹೊತ್ತಾಯಿತು ಅಂತ ಮೈ ತೊಳೆದು ಮೇಲೆ ಹೋದ. ಅಜ್ಜ ಕನ್ನಡಿಯ ಮುಂದೆ ಕುರ್ಚಿಯಲ್ಲಿ ಕೂತಿದ್ದ. ಒಂದು ಕೆನ್ನೆ ನುಣ್ಣಗೆ, ಇನ್ನೊಂದರ ಮೇಲೆ ಸೋಪಿನ ನೊರೆ ಒಣಗಿ ಸುಣ್ಣವಾಗಿತ್ತು. ಮೂಗಿನಲ್ಲಿ ಹತ್ತಿ ಇದೆಯಾ ಅಂತ ಗೊಚಾ ನೋಡಿದ. ಇರಲಿಲ್ಲ. ಕೈ ಮುಟ್ಟಿದ. ತಣ್ಣಗಿತ್ತು.

ಕೆಳಗೆ ಓಡಿಬಂದ. ಅಂಗಡಿಯಲ್ಲಿ ಎಲ್ಲರ ಮುಂದೆ ಗ್ಲಾಸುಗಳಿದ್ದವು, ಆಲಿವ್ ಕಾಯಿಯ ತಟ್ಟೆಯಿತ್ತು.

"ಮೇಲೆ, 'ಈ ಸೊರೊಸ್'," ಅಂದ.

"'ಓ'," ಅಂತು ಇಡೀ ಅಂಗಡಿ.

"ಅಲ್ಲ, 'ಈ'. ಅಜ್ಜ ಸತ್ತೋಗವ್ರೆ."

ಲಾಜಾರೊಸ್ ನಗುತ್ತಾ ತಲೆ ಆಡಿಸಿದ. "ಮುದುಕ ಹೇಳಿ ಕಳಿಸಿದ್ನಾ? ಒಂದು ಸಲ ಅತ್ತಿದೀನಪ್ಪ ನಾನು, ಸಾಕು. ಎದ್ದು ಬಂದು ಕಾಫಿ ಕುಡೀಲಿ ಅನ್ನು."

ಗೊಚಾ ಅವನ ತೋಳು ಹಿಡಿದು ಎಳೆದ. ಕುರ್ಚಿ ಎದ್ದಿತೇ ಹೊರತು ಲಾಜಾರೊಸ್ ಏಳಲಿಲ್ಲ. ಠಾಣೆಗೆ ಫೋನ್ ಮಾಡಿದ. ಎತ್ತಿದವನು ಥೆಮೆಲಿಸ್.

"ಸಾರ್, ನಾನು, ಮುಸ್ಮುಲಾ ಓಣಿ. ಇಲ್ಲಿ ಸೊರೊಸ್..."

"ಯಾವುದು? ಯೋಚನೆ ಮಾಡಿ ಹೇಳು. 'ಈ' ಅಂದ್ಯೋ, ಜೀಪು ಹತ್ತಿಸ್ತೀನಿ."

ಗೊಚಾ ಯೋಚನೆ ಮಾಡಿದ. ನಾಲ್ಕು ಗಂಟೆಯನ್ನು, ಕೇಸನ್ನು, ನಾತೆಲಾಳನ್ನು ಯೋಚಿಸಿದ. ಸತ್ತವರಿಗೆ ಅವಸರವಿಲ್ಲ, ಪರ್ಮಿಟ್ಟು ಕೈಗೆ ಬಂದಮೇಲೆ ಬೀದಿಯಲ್ಲಿ ನಿಂತು ಕೂಗುತ್ತೇನೆ ಅಂದುಕೊಂಡ.

"'ಓ'," ಅಂದ.

"ಭೇಷ್. ಕಲ್ತೆ ನೋಡು."

ಮುದುಕ ಕುಡಿದು ಮಲಗಿರಬೇಕು, ನಾನೇ ಬರ್ತೀನಿ ಅಂತ ಎಫ್ತೆರ್ಪಿ ಮೇಡಂ ಒಳ್ಳೆ ಕೋಟು ಹಾಕಿಕೊಂಡು ಇವನನ್ನು ದರದರ ಕರೆದೊಯ್ದರು. ಕಚೇರಿಯಲ್ಲಿ ಕೆಂಪು ಕನ್ನಡಕದ ಹೆಂಗಸೊಬ್ಬಳು ಕೂತಿದ್ದಳು. ಬೆಳಗಿನ ಸುದ್ದಿ ಅವಳಿಗೂ ಮುಟ್ಟಿತ್ತು. ತುಟಿ ಕಚ್ಚಿ ನಗು ತಡೆದು, ಎಲ್ಲಿ, ನಿಮ್ಮ ಮನೇಲಿ ಏನಿದೆ ಅಂತ ಒಂದು ವಾಕ್ಯ ಹೇಳಿ ಅಂದಳು.

ಗೊಚಾನ ಬಾಯಿ ತೆರೆಯಿತು. ನೊರೆ ಹತ್ತಿದ ಆ ಕೆನ್ನೆ ಕಣ್ಣಿಗೆ ಕಟ್ಟಿತು. ಆ ಮುದುಕ ಇವನನ್ನು ಮಗಾ ಅಂದಿದ್ದ.

"ನಮ್ಮ ಮನೇಲಿ 'ಈ ಸೊರೊಸ್' ಇದೆ."

ಮೇಡಂ ಹಣೆ ಚಚ್ಚಿಕೊಂಡರು. ಇನ್ನೊಂದು ಸಲ ಯೋಚಿಸಿ, ಗಂಡೋ ಹೆಣ್ಣೋ ಅಂದಳು ಕೆಂಪು ಕನ್ನಡಕ.

"ಹೆಣ್ಣು. ಖಂಡಿತ ಹೆಣ್ಣು."

ಒಂದೇ ಪದವನ್ನು ಒಂದೇ ದಿನ ಎರಡು ಸಲ ತಪ್ಪು ಹೇಳುವವರಿಗೆ ಭಾಷೆಯ ವ್ಯತ್ಯಾಸ ಗೊತ್ತಿಲ್ಲ ಅಂತಲೇ ಅರ್ಥ, ಮುಂದಿನ ವರ್ಷ ಬನ್ನಿ ಅಂತ ಅವಳು ಮೊಹರು ಒತ್ತಿದಳು.

ಹೊರಗೆ ಮೆಟ್ಟಿಲ ಮೇಲೆ ಥೆಮೆಲಿಸ್ ನಿಂತಿದ್ದ. ಕಾಫಿ ತೆಗೆದುಕೊಂಡು ಮೇಲೆ ಹೋದ ಲಾಜಾರೊಸ್ ಹೆಣ ಕಂಡು ಬೊಬ್ಬೆ ಹಾಕಿದ್ದನಂತೆ, ಈ ಸಲ ಮುದುಕ ಎದ್ದು ಕೂರಲಿಲ್ಲವಂತೆ.

"ಫೋನಲ್ಲಿ ನನಗೆ ಏನಂದೆ?"

"'ಓ'."

"ಹಂಗಂದ್ರೆ?"

"ಗುಡ್ಡೆ."

"ಹೆಣಕ್ಕೆ ಏನಂತಾರೆ ಅಂತ ಗೊತ್ತಿತ್ತು ತಾನೆ? ಗೊತ್ತಿದ್ದೂ ಗುಡ್ಡೆ ಅಂದು ಹೆಣ ಬಚ್ಚಿಟ್ಟೆ."

ವ್ಯತ್ಯಾಸ ಗೊತ್ತಿಲ್ಲ ಅಂತ ಈಗಷ್ಟೇ ಒಳಗೆ ಮೊಹರು ಒತ್ತಿದ್ದಾರೆ ಸಾರ್, ಬೇಕಾದರೆ ಮೇಡಂನ ಕೇಳಿ ಅಂದ ಗೊಚಾ. ಎಫ್ತೆರ್ಪಿ ಮೇಡಂ ಕರ್ಚೀಫಿನಿಂದ ಅಜ್ಜನಿಗಾಗಿ ಕಣ್ಣೊರೆಸಿಕೊಳ್ಳುತ್ತಿದ್ದರು. ಶಿಷ್ಯ ಫೇಲಾದ ಉರಿ ಇನ್ನೂ ಆರಿರಲಿಲ್ಲ.

"ಗೊತ್ತಿಲ್ಲ ಅಂದ್ರೇನು? ಕಲಿಸಿದವಳು ನಾನು. ಬೆಳಿಗ್ಗೆ ಇಡೀ ಓಣಿ ಎದುರು ತಪ್ಪಿಲ್ಲದೆ ಒಪ್ಪಿಸಿದಾನೆ. ಚೆನ್ನಾಗಿ ಗೊತ್ತು ಇವನಿಗೆ."

ಕೋಳ ಬಿತ್ತು. ಜೀಪಿನ ಮೆಟ್ಟಿಲ ಮೇಲೆ ಕಾಲಿಟ್ಟ ಗೊಚಾ ತಿರುಗಿ, 'ಓ' ಹಚ್ಚಿ, ಜೈಲಿಗಾ ಸಾರ್ ಅಂತ ಕೇಳಿದ.

ಥೆಮೆಲಿಸ್ ಬಾಯಿ ತೆರೆಯುವ ಮೊದಲೇ ಹಿಂದಿನಿಂದ ಮೇಡಂ ತಿದ್ದಿದರು.

"'ಈ' ಅನ್ನೋ. ಜೈಲು ಹೆಣ್ಣು."