ಬೆರಳುದ್ದದ ಇಂಜಿನ್ನು

ಎಲ್ಲಾ ಕೆಟ್ಟಿದ್ದು ಒಂದು ಹನಿ ಎಣ್ಣೆಯಿಂದ. ಹನಿ ಅಂದ್ರೆ ಹನಿಯಲ್ಲ. ಕನ್ನಡಕದಂಗಡಿಯವನ ಹೆಂಡ್ತಿದು ದೊಡ್ಡ ಕೈ, ಹೊಲಿಗೆ ಮಿಷನ್ನಿನ ಎಣ್ಣೆ ಡಬ್ಬೀನೇ ಬಗ್ಗಿಸಿದ್ಳು. ನಾದಿನಿ ಮನೆಯಿಂದ ಮಾವ ಬರೋ ದಿನ, ಗಂಡ ಕಟ್ಟಿದ ಪುಟಾಣಿ ರೈಲಿನ ಕಂಬಿ ಫಳಫಳ ಅನ್ನಲಿ ಅಂತ ಆಸೆ, ಪಾಪ.

ಆ ರೈಲಿಗೆ ಅವನು ಅರ್ಧ ಆಯುಸ್ಸು ಸುರಿದಿದ್ದ. ಬೆರಳುದ್ದದ ಇಂಜಿನ್ನು. ಕಂಬಿ ನಡುವೆ ಇರುವೆ ಅಡ್ಡ ಮಲಗಿದ್ರೆ ಕಾಲು ಹೊರಗೇ ಚಾಚ್ಬೇಕು. ಅವರಪ್ಪ ಓಡಿಸ್ತಿದ್ದ ಬೆಟ್ಟದ ಸಣ್ಣ ರೈಲೇ ಮೇಜಿನ ಮೇಲೆ ಬಂದು ಕೂತಿತ್ತು: ಅದೇ ಏರು, ಅದೇ ತಿರುವು, ಅದೇ ಸುರಂಗ. ಚಿಕ್ಕವನಿದ್ದಾಗ ಒಂದೇ ಒಂದ್ಸಲ ಇಂಜಿನ್ ಹತ್ತಿಸ್ಕೋ ಅಂತ ಪ್ಲಾಟ್‌ಫಾರಂ ಮೇಲೆ ಬಿದ್ದು ಹೊರಳಾಡಿದ್ರೂ ಅಪ್ಪ ಹತ್ತಿಸ್ಕೊಂಡಿರ್ಲಿಲ್ಲ. ಆಮೇಲೆ ಆ ದಾರಿ ಮುಚ್ಚಿದ್ರು, ಮುದುಕ ಬಾಯಿ ಮುಚ್ಚಿದ. ಇವತ್ತು ಅಪ್ಪನ ಕಣ್ಣೆದುರು ತಾನೇ ಡ್ರೈವರಾಗಿ ಬೆಟ್ಟ ಹತ್ತಿಸ್ಬೇಕು, ಒಂದು ಭೇಷ್ ಅನ್ನಿಸ್ಕೋಬೇಕು. ಅಷ್ಟೇ ಅವನಿಗೆ ಬೇಕಿದ್ದಿದ್ದು.

ಬೆಳಿಗ್ಗೆ ರೈಲು ಓಡಿಸೋ ಗುಂಡಿ ತಿರುಗಿಸಿ ನೋಡ್ದ. ಇಂಜಿನ್ನು ಏರಿನ ಬುಡಕ್ಕೆ ಬಂದು, ಎಣ್ಣೆ ಮೇಲೆ ಗಾಲಿ ಗಿರಗಿರ ತಿರುಗಿಸ್ತಾ ನಿಂತಲ್ಲೇ ನಿಂತ್ಕೊಂಡ್ತು, ಊರಿಗೆ ಹೊರಟ ಹೆಂಗಸು ಹೊಸಿಲ ಮೇಲೆ ಮಾತಿಗೆ ನಿಂತ ಹಾಗೆ.

ಪಕ್ಕದ್ಮನೆ ದರ್ಜಿ ಕರೀದೇನೇ ಬಂದ. ಭಾರ ಸಾಲದು ಅಂತ ಕತ್ತರಿ ತಂದು ಇಂಜಿನ್ ನೆತ್ತಿ ಮೇಲಿಟ್ಟ. ಹೊಗೆಕೊಳವೆ ಸೊಟ್ಟಗಾಯ್ತು. ಮಹಡಿ ಮೇಲಿನ ನರ್ಸಮ್ಮ ಜಾರೋ ಜಾಗಕ್ಕೆಲ್ಲ ಪೌಡರೇ ಮದ್ದು ಅಂತ ಉದುರಿಸಿದ್ಳು. ಎಣ್ಣೆಗೆ ಪೌಡರ್ ಸೇರಿ ಮೆತ್ತಿಕೊಂಡು, ಇನ್ನು ಗೋಡೆಗೆ ಬಳಿಯೋದೊಂದೇ ಬಾಕಿ. ತಿರುಗ್ತಿದ್ದ ಗಾಲಿನೂ ಕಚ್ಚಿಕೊಂಡ್ತು.

ಅಷ್ಟೊತ್ತಿಗೆ ಬಾಗಿಲಲ್ಲಿ ಕೋಲಿನ ಸದ್ದು.

ಮುದುಕ ಕೋಲು ಗೋಡೆಗೊರಗಿಸ್ದ. ಸುರಂಗದ ತನಕ ಬಗ್ಗಿ ನೋಡ್ದ. ಹೆಗಲ ಮೇಲಿನ ಟವೆಲಿಂದ ಕಂಬಿ ಒರೆಸ್ದ, ಆಮೇಲೆ ಒಂದೊಂದೇ ಗಾಲಿ, ಮಗು ಮೂಗು ಒರೆಸೋ ಹಾಗೆ. ದರ್ಜಿ ಮೆಲ್ಲಗೆ ತನ್ನ ಕತ್ತರಿ ವಾಪಸ್ ಎತ್ಕೊಂಡ.

"ಏರಿನ ಮೇಲೆ ಎಣ್ಣೆ ಯಾರೋ ಹಾಕಿದ್ದು?"

ಎಷ್ಟೋ ವರ್ಷದ ಮೇಲೆ ಬಂದ ಮಾತು. ಹೆಂಡ್ತಿ ಸೆರಗಲ್ಲಿ ಕೈ ಬಚ್ಚಿಟ್ಕೊಂಡ್ಳು. ಕನ್ನಡಕದವನು ಅವಳ ಮುಖ ನೋಡ್ದ.

"ನಾನೇ ಅಪ್ಪ."

ಮುದುಕ ಕುರ್ಚಿ ಎಳ್ಕೊಂಡು ಗುಂಡಿ ತಿರುಗಿಸ್ದ. ಇಂಜಿನ್ನು ಏರು ಹತ್ತಿ, ತಿರುವು ದಾಟಿ, ಸುರಂಗ ಹೊಕ್ಕು ಆ ಕಡೆ ಹೊರಗೆ ಬಂತು. ಮುದುಕನ ಕಣ್ಣು ತುಂಬಿಬಿಡ್ತು. ನರ್ಸಮ್ಮನೂ ಮೂಗೆಳೆದ್ಳು.

ಕನ್ನಡಕದವನ ಎದೆ ಅಟ್ಟ ಮುಟ್ಟೋಷ್ಟು ಉಬ್ಬಿತು. "ಈಗ ನಾನು, ಅಪ್ಪ" ಅಂತ ಕೈ ಚಾಚ್ದ.

ಮುದುಕ ಆ ಕೈಗೆ ಪಟ್ಟಂತ ಒಂದು ಕೊಟ್ಟ.

"ಕಂಬಿಗೆ ಎಣ್ಣೆ ಹಾಕೋನ ಕೈಗೆ ಇಂಜಿನ್ ಕೊಡ್ತಾರೇನೋ? ದೂರ ನಿಂತ್ಕೋ."

ಆಮೇಲೆ ಸೊಸೆನ ಕರೆದು, ಇನ್ಮೇಲೆ ತನ್ನ ಹಾಸಿಗೆ ಈ ರೂಮಲ್ಲೇ ಅಂದ. ಅವಳು ತಲೆ ಎತ್ತದೆ ಹೂಂ ಅಂದ್ಳು.

ದರ್ಜಿ ಅಂಗಡಿಗೆ ಓಡಿ ಒಂದು ಹಸಿರು ಬಟ್ಟೆ ಚೂರು ತಂದ್ಕೊಟ್ಟ. ಕನ್ನಡಕದವನು ಅದನ್ನ ಹಿಡ್ಕೊಂಡು ಮೇಜಿನ ಆ ತುದಿಯಲ್ಲಿ, ಉಗುರಗಲದ ಪ್ಲಾಟ್‌ಫಾರಂ ಪಕ್ಕ, ಚಿಕ್ಕವನಿದ್ದಾಗ ನಿಲ್ತಿದ್ದ ಹಾಗೇ ನಿಂತ.

"ಬಾವುಟ ನೆಟ್ಟಗೆ ಹಿಡಿಯೋ" ಅಂದ ಅಪ್ಪ.